ಬಿಟ್ಟುಬಿಟ್ಟ ಕ್ಯಾಪ್ಸೂಲು: 1975ರ ಎಸ್ಟ್ರೋಜನ್ ಪ್ರಕರಣ

ಯುಗಾದಿಗೆ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆಗೆ ಐವತ್ತೊಂದು. ಮುಟ್ಟು ನಿಂತು ಎರಡು ವರ್ಷ ಆಗಿದೆ. ಅವರ ಕೋಣೆಯ ಕಪಾಟಿನಲ್ಲಿ ಎರಡು ಔಷಧಿ ಇದ್ದವು. ಒಂದು ಎಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ಜೆಲ್, ದಿನಾ ತೋಳಿಗೆ ಹಚ್ಚಿಕೊಳ್ಳುವುದು. ಹಿಂಡಿ ಹಿಂಡಿ ಟ್ಯೂಬಿನ ಬಾಲ ಸುರುಳಿಯಾಗಿತ್ತು. ಇನ್ನೊಂದು ಪ್ರೊಜೆಸ್ಟರಾನ್ ಅನ್ನೋ ಮತ್ತೊಂದು ಹೆಣ್ಣು ಹಾರ್ಮೋನಿನ ಕ್ಯಾಪ್ಸೂಲು. ಅದರ ಸ್ಟ್ರಿಪ್ಪಿನಲ್ಲಿ ನಾಲ್ಕೇ ನಾಲ್ಕು ಖಾಲಿಯಾಗಿದ್ದವು. ಮೇಲೆ ಧೂಳು ಕೂತಿತ್ತು.

“ಇದು ಯಾಕೆ ಹಾಗೇ ಇದೆ ಅತ್ತಿಗೆ?”

“ಅಯ್ಯೋ, ಅದನ್ನ ಬಿಟ್ಟು ಏಳೆಂಟು ತಿಂಗಳಾಯ್ತು ಕಣೇ. ತಿಂಡಿ ಆದ್ಮೇಲೆ ನುಂಗಿದ್ರೆ ತೂಕಡಿಕೆ. ಒಲೆ ಮುಂದೆ ನಿಂತಲ್ಲೇ ನಿದ್ದೆ. ಮೈ ಧಗಧಗ ಅನ್ನೋದು ಜೆಲ್‌ನಿಂದಲೇ ನಿಂತಿದೆ. ಸುಮ್ನೆ ಜಾಸ್ತಿ ಔಷಧಿ ಯಾಕೆ?”

ಮೇಲ್ನೋಟಕ್ಕೆ ಸರಿಯಾದ ಮಾತೇ, ಅಲ್ವಾ? ಕೆಲಸ ಮಾಡೋದನ್ನು ಇಟ್ಟುಕೊಂಡರು, ತೊಂದರೆ ಕೊಡೋದನ್ನು ಬಿಟ್ಟರು. ನಾನು ವೈದ್ಯೆ ಅಲ್ಲ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇಪ್ಪತ್ತು ವರ್ಷ ಮಾತ್ರೆ ಎಣಿಸಿ ಕೊಟ್ಟವಳು. ಆದರೂ ಎದೆ ಧಸಕ್ಕೆಂದಿತು. ಅತ್ತಿಗೆ ಒಬ್ಬರೇ ಮಾಡಿಕೊಂಡ ಈ ಪ್ರಯೋಗವನ್ನು ಒಂದು ಕಾಲದಲ್ಲಿ ಅಮೆರಿಕಾದಲ್ಲಿ ಲಕ್ಷಾಂತರ ಹೆಂಗಸರ ಮೇಲೆ ಮಾಡಲಾಗಿತ್ತು. ಅವರು ಯಾವ ಮಾತ್ರೆಯನ್ನೂ ಬಿಟ್ಟವರಲ್ಲ. ಅವರಿಗೆ ಬರೆದುಕೊಟ್ಟಿದ್ದೇ ಎಸ್ಟ್ರೋಜನ್ ಒಂದನ್ನು.

ಕುದುರೆ ಮೂತ್ರದ ಮಾತ್ರೆ

ಪ್ರೆಮರಿನ್ ಅನ್ನೋ ಮಾತ್ರೆ ಅಮೆರಿಕಾದ ಮಾರುಕಟ್ಟೆಗೆ ಬಂದಿದ್ದು 1942ರಲ್ಲಿ. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಎಸ್ಟ್ರೋಜನ್. ಆ ಹೆಸರೂ ಇಂಗ್ಲಿಷಿನ ‘ಗಬ್ಬದ ಕುದುರೆಯ ಮೂತ್ರ’ ಎಂಬ ಮಾತಿನ ಚೂರುಗಳಿಂದಲೇ ಹುಟ್ಟಿದ್ದು. ಮುಟ್ಟು ನಿಲ್ಲುವ ಹೊತ್ತಿನ ಬೆವರು, ನಿದ್ದೆಗೇಡು, ಒಣಗುವಿಕೆ, ಎಲ್ಲಕ್ಕೂ ಅದು ಕೆಲಸ ಮಾಡುತ್ತಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ಮೆನೋಪಾಸ್ ಧಗೆಗೆ ಎಸ್ಟ್ರೋಜನ್‌ನಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಇವತ್ತಿಗೂ ಇಲ್ಲ.

ತಪ್ಪಿದ್ದು ಅದನ್ನು ಮಾರಿದ ರೀತಿಯಲ್ಲಿ. 1960ರ ದಶಕದಲ್ಲಿ ಮೆನೋಪಾಸ್ ಒಂದು ಕೊರತೆಯ ರೋಗ, ಮಾತ್ರೆ ನುಂಗಿದರೆ ಹೆಂಗಸು ಹೆಂಗಸಾಗಿಯೇ ಉಳಿಯುತ್ತಾಳೆ ಅನ್ನೋ ಮಾತು ಜೋರಾಯಿತು. ವೈದ್ಯರಿಗಾಗಿ ಬರುತ್ತಿದ್ದ ಒಂದು ಜಾಹೀರಾತಿನಲ್ಲಿ ಸುಸ್ತಾದ ಬಸ್ ಡ್ರೈವರ್ ಇದ್ದ, ಅವನ ಹಿಂದೆ ಸಿಡುಕು ಮುಖದ ನಡುವಯಸ್ಸಿನ ಹೆಂಗಸು. ಎಸ್ಟ್ರೋಜನ್ ಕೊರತೆಯಿಂದ ನರಳುತ್ತಿರುವವನು ಆ ಡ್ರೈವರ್ ಅನ್ನೋದು ಜಾಹೀರಾತಿನ ತಮಾಷೆ. ಅಂದರೆ ಹೆಂಗಸಿಗೆ ಮಾತ್ರೆ ಕೊಡಬೇಕಾದ್ದು ಅವಳ ಸುಖಕ್ಕಲ್ಲ, ಸುತ್ತಲಿನ ಗಂಡಸರ ನೆಮ್ಮದಿಗೆ! 1975ರ ಹೊತ್ತಿಗೆ ಅಮೆರಿಕಾದ ಮೆಡಿಕಲ್ ಶಾಪುಗಳಲ್ಲಿ ಇಂಥ ಎಸ್ಟ್ರೋಜನ್‌ಗೆ ವರ್ಷಕ್ಕೆ ಸುಮಾರು 2.8 ಕೋಟಿ ಚೀಟಿ ಬರುತ್ತಿದ್ದವು.

ಎಚ್ಚರಿಕೆ ಮೊದಲೇ ಬಂದಿತ್ತು. 1947ರಲ್ಲೇ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ಸಾಲ್ ಗುಸ್‌ಬರ್ಗ್ ಬರೆದಿದ್ದರು: ಎಸ್ಟ್ರೋಜನ್ ತಗೊಂಡವರ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯುತ್ತಿದೆ, ಇದು ಕ್ಯಾನ್ಸರಿನ ಮುಂಚಿನ ಹೆಜ್ಜೆ ಇರಬಹುದು. ಓದಿದವರು ಓದಿದರು, ಪುಟ ತಿರುವಿದರು.

ಒಳಪದರದಲ್ಲಿ ಆಗುವುದೇನು ಅಂತ ಹಳ್ಳಿಯವರಿಗೆ ಹೇಳಬೇಕಾದರೆ ನಾನು ಭತ್ತದ ಗದ್ದೆ ತೋರಿಸುತ್ತೇನೆ. ಎಸ್ಟ್ರೋಜನ್ ಯೂರಿಯಾ ಇದ್ದ ಹಾಗೆ. ಹಾಕಿದಷ್ಟೂ ಹಸಿರು, ಹಾಕಿದಷ್ಟೂ ಎತ್ತರ. ಪ್ರೊಜೆಸ್ಟರಾನ್ ಬಂದು ಆ ಬೆಳವಣಿಗೆ ನಿಲ್ಲಿಸಿ ತೆನೆ ಬಲಿಸುತ್ತದೆ. ಅದು ಇಳಿದಾಗ ಪದರ ಕಟಾವಾಗುತ್ತದೆ, ಅದೇ ಮುಟ್ಟು. ಹರೆಯದಲ್ಲಿ ಪ್ರತಿ ತಿಂಗಳೂ ನಡೆಯುವುದು ಇದೇ. ಮುಟ್ಟು ನಿಂತ ಮೇಲೆ ಹೊರಗಿನಿಂದ ಯೂರಿಯಾ ಮಾತ್ರ ಸುರಿಯುತ್ತಾ ಹೋದರೆ? ಪೈರು ಬೆಳೆಯುತ್ತಲೇ ಇರುತ್ತದೆ, ಕಟಾವು ಇಲ್ಲ. ಎಂದೋ ಒಂದು ದಿನ ಅದರೊಳಗೆ ಕೆಲವು ಕೋಶಗಳು ಹದ್ದು ಮೀರುತ್ತವೆ.

ಡಿಸೆಂಬರ್ 4

1975ರ ಡಿಸೆಂಬರ್ 4ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿ ಬಂದವು. ಒಂದು ಸಿಯಾಟಲ್‌ನಿಂದ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದ 317 ಹೆಂಗಸರನ್ನು, ಬೇರೆ ಸ್ತ್ರೀರೋಗ ಗೆಡ್ಡೆಗಳಿದ್ದ 317 ಹೆಂಗಸರ ಜೊತೆ ಹೋಲಿಸಿದ್ದರು. ಎಸ್ಟ್ರೋಜನ್ ತಗೊಂಡವರಿಗೆ ಅಪಾಯ 4.5 ಪಟ್ಟು.

ಇನ್ನೊಂದು ಲಾಸ್ ಏಂಜಲೀಸ್‌ನ ಹ್ಯಾರಿ ಜೀಲ್ ಮತ್ತು ವಿಲಿಯಂ ಫಿಂಕಲ್ ಅವರದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಲೆಕ್ಕ ಬಹಳ ಸರಳ. ಕ್ಯಾನ್ಸರ್ ಬಂದ 94 ಹೆಂಗಸರು. ಒಬ್ಬೊಬ್ಬರಿಗೂ ಜೋಡಿಯಾಗಿ, ಅದೇ ಆರೋಗ್ಯ ಯೋಜನೆಯಲ್ಲಿದ್ದ ಅದೇ ವಯಸ್ಸಿನ, ಕ್ಯಾನ್ಸರ್ ಇಲ್ಲದ ಇಬ್ಬರು. ಒಟ್ಟು 188. ಎಲ್ಲರ ಹಳೇ ಫೈಲು ತೆಗೆದು, ಯಾರಿಗೆ ಎಸ್ಟ್ರೋಜನ್ ಬರೆದಿದ್ದರು ಅಂತ ಹುಡುಕಿದರು. ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 57 ಮಂದಿ ತಗೊಂಡಿದ್ದರು, ಬಾರದವರಲ್ಲಿ ನೂರಕ್ಕೆ 15. ಒಂದು ಕಡೆ 57ಕ್ಕೆ 43, ಇನ್ನೊಂದು ಕಡೆ 15ಕ್ಕೆ 85. ಭಾಗಿಸಿ ನೋಡಿ, ಅವರು ಕೊಟ್ಟ ಸಂಖ್ಯೆಯ ಹತ್ತಿರವೇ ಬರುತ್ತೀರಿ: 7.6 ಪಟ್ಟು. ಏಳು ವರ್ಷ ಮತ್ತು ಅದಕ್ಕಿಂತ ಜಾಸ್ತಿ ತಗೊಂಡವರಲ್ಲಿ ಅದು 13.9ಕ್ಕೆ ಏರಿತ್ತು.

ಔಷಧ ಲೋಕದಲ್ಲಿ ಎರಡು ಪಟ್ಟು ಅಂದರೇ ಜನ ತಿರುಗಿ ನೋಡುತ್ತಾರೆ. ಇದು ಹದಿನಾಲ್ಕು. ಅದೂ ತಗೊಂಡ ವರ್ಷಗಳ ಜೊತೆ ಏಣಿ ಹತ್ತಿದ ಹಾಗೆ ಏರುತ್ತಿದೆ.

ಯೇಲ್‌ನಿಂದ ಬಂದ ತಕರಾರು

ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟದ ಭಾಗ ಇದು. 1978ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಾಲ್ಫ್ ಹಾರ್ವಿಟ್ಜ್ ಮತ್ತು ಆಲ್ವನ್ ಫೈನ್‌ಸ್ಟೈನ್ ಒಂದು ಚುರುಕಾದ ವಾದ ಮುಂದಿಟ್ಟರು. ಸುಮ್ಮನೆ ಕಂಪನಿ ಪರ ಮಾತಾಡಿದ್ದಲ್ಲ, ಯೋಚಿಸಬೇಕಾದ ಪ್ರಶ್ನೆಯೇ.

ಅವರು ಹೇಳಿದ್ದು ಇಷ್ಟು. ಎಸ್ಟ್ರೋಜನ್ ತಗೊಂಡರೆ ರಕ್ತ ಕಾಣಿಸಿಕೊಳ್ಳುತ್ತದೆ. ರಕ್ತ ಕಂಡರೆ ವೈದ್ಯರು ಡಿ ಅಂಡ್ ಸಿ ಮಾಡುತ್ತಾರೆ, ಅಂದರೆ ಗರ್ಭಕೋಶದ ಒಳಪದರ ಕೆರೆದು ತೆಗೆದು ಪರೀಕ್ಷಿಸುತ್ತಾರೆ. ಮಾಡಿದಾಗ ಸದ್ದಿಲ್ಲದೆ ಕೂತಿದ್ದ ಕ್ಯಾನ್ಸರ್ ಸಿಕ್ಕಿಬೀಳುತ್ತದೆ. ಮಾತ್ರೆ ತಗೊಳ್ಳದವರಲ್ಲೂ ಅಷ್ಟೇ ಕ್ಯಾನ್ಸರ್ ಇರಬಹುದು, ಯಾರೂ ಹುಡುಕಿಲ್ಲ ಅಷ್ಟೇ. ಅಂದರೆ ಮಾತ್ರೆ ಕಳ್ಳನನ್ನು ಹುಟ್ಟಿಸಲಿಲ್ಲ, ಟಾರ್ಚ್ ಹಾಕಿ ತೋರಿಸಿತು. ಇದನ್ನು ಸರಿಪಡಿಸಲು ಅವರು ಹೋಲಿಕೆಗೆ ಬೇರೆ ಗುಂಪು ಆರಿಸಿದರು: ಡಿ ಅಂಡ್ ಸಿ ಅಥವಾ ಗರ್ಭಕೋಶ ತೆಗೆಯುವ ಆಪರೇಷನ್ ಆಗಿ, ಕ್ಯಾನ್ಸರ್ ಇಲ್ಲ ಅಂತ ಗೊತ್ತಾದವರು. ಹಳೇ ವಿಧಾನದಲ್ಲಿ ಸುಮಾರು 12 ಪಟ್ಟು ಇದ್ದ ಅಪಾಯ ಈ ವಿಧಾನದಲ್ಲಿ 1.7ಕ್ಕೆ ಇಳಿಯಿತು.

ಓದಿದ ತಕ್ಷಣ ಹೌದಲ್ಲ ಅನಿಸುತ್ತದೆ. ಆದರೆ ನಿಂತು ಯೋಚಿಸಿ. ಆ ಹೊಸ ಗುಂಪಿನವರು ಡಿ ಅಂಡ್ ಸಿಗೆ ಬಂದಿದ್ದೇಕೆ? ಬಹಳ ಮಂದಿ ರಕ್ತ ಹೋಗುತ್ತಿದೆ ಅಂತ. ಮುಟ್ಟು ನಿಂತ ಮೇಲೆ ರಕ್ತ ಹೋಗುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಎಸ್ಟ್ರೋಜನ್! ಮಳೆಯಲ್ಲಿ ನೆನೆದರೆ ನೆಗಡಿ ಬರುತ್ತಾ ಅಂತ ಪರೀಕ್ಷೆ ಮಾಡೋಕೆ ಹೊರಟು, ನೆಗಡಿ ಇಲ್ಲದವರನ್ನು ಛತ್ರಿ ರಿಪೇರಿ ಅಂಗಡಿಯ ಮುಂದೆ ಹುಡುಕಿದ ಹಾಗೆ. ಅಲ್ಲಿ ನಿಂತವರೆಲ್ಲ ನೆನೆದವರೇ. ವ್ಯತ್ಯಾಸ ಮಾಯವಾಗದೆ ಇನ್ನೇನಾಗುತ್ತೆ?

ಇನ್ನೊಂದು ಉತ್ತರವೂ ಅದೇ ವರ್ಷ ಬಂತು. ಈ ಕ್ಯಾನ್ಸರ್ ಸಾಯುವ ತನಕ ಸುಮ್ಮನೆ ಕೂರುವ ಜಾತಿಯದಲ್ಲ. ಇವತ್ತಲ್ಲ ನಾಳೆ ರಕ್ತ ಹರಿಸಿಯೇ ತೀರುತ್ತದೆ, ಹೆಂಗಸು ಆಸ್ಪತ್ರೆಗೆ ಬಂದೇ ಬರುತ್ತಾಳೆ. ಹಾಗಿರುವಾಗ ಎಸ್ಟ್ರೋಜನ್ ಅದನ್ನು ಸ್ವಲ್ಪ ಬೇಗ ಹೊರಗೆಳೆಯಬಹುದು, ಅಷ್ಟೇ. ಹತ್ತು ಪಟ್ಟು ವ್ಯತ್ಯಾಸ ಅದರಿಂದ ಹುಟ್ಟುವುದಿಲ್ಲ. 1979ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು 451 ರೋಗಿಗಳನ್ನು ಇಟ್ಟುಕೊಂಡು ಈ ತಕರಾರನ್ನೂ ಪರೀಕ್ಷಿಸಿದರು. ಒಟ್ಟಾರೆ ಅಪಾಯ 6 ಪಟ್ಟು, ಐದು ವರ್ಷ ದಾಟಿದವರಲ್ಲಿ 15. ಅಂಕಿ ಜಗ್ಗಲಿಲ್ಲ.

ಈ ವಾದ ಮುಗಿಯುವ ಮೊದಲೇ ತೀರ್ಪು ಅಂಗಡಿಗಳಲ್ಲಿ ಬರೆದಾಗಿತ್ತು. 1975ರ ಡಿಸೆಂಬರ್ ನಂತರ ಹೆದರಿದ ಹೆಂಗಸರು, ಹೆದರಿದ ವೈದ್ಯರು ಎಸ್ಟ್ರೋಜನ್ ಬಿಟ್ಟರು. ಐದು ವರ್ಷದಲ್ಲಿ ಚೀಟಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದರ ಬೆನ್ನಿಗೇ ಗರ್ಭಕೋಶದ ಒಳಪದರದ ಕ್ಯಾನ್ಸರೂ ಇಳಿಯಿತು. ಹರ್ಷೆಲ್ ಜಿಕ್ ಮತ್ತು ಜೊತೆಯವರು 1980ರಲ್ಲಿ ಒಂದು ಅಂದಾಜು ಕೊಟ್ಟರು: 1971ರಿಂದ 1975ರ ಒಳಗೆ 15,000ಕ್ಕೂ ಹೆಚ್ಚು ಹೆಂಗಸರಿಗೆ ಬಂದ ಕ್ಯಾನ್ಸರ್ ಈ ಮಾತ್ರೆಯಿಂದ ಬಂದದ್ದು. ಚಿಕಿತ್ಸೆಯೇ ತಂದ ಗಂಭೀರ ಕಾಯಿಲೆಗಳಲ್ಲಿ ಅವರ ದೇಶ ಕಂಡ ಅತಿ ದೊಡ್ಡವುಗಳ ಸಾಲಿಗೆ ಇದನ್ನು ಸೇರಿಸಿದರು. ಒಂದು ಸಮಾಧಾನದ ಮಾತೂ ಇದೆ. ಇವುಗಳಲ್ಲಿ ಹೆಚ್ಚಿನವು ಬೇಗ ಸಿಕ್ಕಿದ ಕ್ಯಾನ್ಸರುಗಳು, ಗರ್ಭಕೋಶ ತೆಗೆದರೆ ಗುಣವಾಗುವಂಥವು. ಹದಿನೈದು ಸಾವಿರ ಸಾವು ಅಂತ ಓದಿಕೊಳ್ಳಬಾರದು. ಆದರೆ ಬೇಡದ ಹದಿನೈದು ಸಾವಿರ ಆಪರೇಷನ್ ಅಂದರೂ ಸಣ್ಣ ಮಾತಲ್ಲ.

ಡಬ್ಬಿಯೊಳಗಿನ ಚೀಟಿ

1977ರಲ್ಲಿ ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನಿಯಮ ತಂದಿತು. ಎಸ್ಟ್ರೋಜನ್ ಕೊಡುವಾಗಲೆಲ್ಲ ಹೆಂಗಸಿಗೆ ಅರ್ಥವಾಗುವ ಮಾತಿನಲ್ಲಿ ಅಪಾಯ ಬರೆದ ಹಾಳೆಯನ್ನೂ ಕೊಡಬೇಕು. ಇದರ ವಿರುದ್ಧ ಕೋರ್ಟಿಗೆ ಹೋದವರು ಔಷಧ ತಯಾರಕರ ಸಂಘದವರು. ಅವರ ಜೊತೆ ಅಮೆರಿಕಾದ ಸ್ತ್ರೀರೋಗ ತಜ್ಞರ ಕಾಲೇಜೂ ನಿಂತಿತು! ವೈದ್ಯರ ಕೆಲಸದಲ್ಲಿ ಸರ್ಕಾರ ತಲೆ ಹಾಕಬಾರದು ಅನ್ನೋದು ವಾದ. 1980ರಲ್ಲಿ ಸೋತರು. ಹೆಂಗಸರ ವೈದ್ಯರೇ ಹೆಂಗಸರ ಕೈಗೆ ಒಂದು ಹಾಳೆ ಸೇರದಿರಲಿ ಅಂತ ಕೋರ್ಟು ಹತ್ತಿದ್ದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎಸ್ಟ್ರೋಜನ್‌ಗೆ ಕಡಿವಾಣ ಹಾಕುವ ದಾರಿಯೂ ಅದೇ ದಶಕದಲ್ಲಿ ಸಿಕ್ಕಿತು. ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಔಷಧಿ ಕೊಡುವುದು. ಮೊದಲು ತಿಂಗಳಿಗೆ ಒಂದು ವಾರ ಕೊಟ್ಟು ನೋಡಿದರು, ಸಾಲಲಿಲ್ಲ. ಕೊನೆಗೆ ತಿಂಗಳಿಗೆ 12ರಿಂದ 14 ದಿನ, ಇಲ್ಲವೇ ದಿನಾ ಸ್ವಲ್ಪ ಸ್ವಲ್ಪ ಅನ್ನೋದು ನಿಂತಿತು.

ಅದು ಎಷ್ಟು ಮುಖ್ಯ ಅಂತ 1990ರ ದಶಕದ ‘ಪೆಪಿ’ ಅನ್ನೋ ಪ್ರಯೋಗ ಮೂರೇ ವರ್ಷದಲ್ಲಿ ತೋರಿಸಿತು. ಗರ್ಭಕೋಶ ಇದ್ದೂ ಎಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ ನೂರಕ್ಕೆ 62 ಮಂದಿಯ ಒಳಪದರ ಅತಿಯಾಗಿ ಬೆಳೆದಿತ್ತು. ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಲ್ಲಿ ನೂರಕ್ಕೆ ಇಬ್ಬರು. ಆಗ ಅಮೆರಿಕಾದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅನ್ನೋ ಭಾರೀ ಪ್ರಯೋಗ ಶುರುವಾಗಿತ್ತು. ಅದರಲ್ಲೂ 331 ಹೆಂಗಸರಿಗೆ ಗರ್ಭಕೋಶ ಇದ್ದೂ ಬರೀ ಎಸ್ಟ್ರೋಜನ್ ಹೋಗುತ್ತಿತ್ತು. ಪೆಪಿ ಫಲಿತಾಂಶ ಬಂದ ಕೂಡಲೇ ಅವರನ್ನೆಲ್ಲ ಎರಡೂ ಔಷಧಿಯ ಗುಂಪಿಗೆ ದಾಟಿಸಿದರು. ಗುಸ್‌ಬರ್ಗ್ ಬರೆದು ಆಗಲೇ ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದಿತ್ತು.

ಈ ಎರಡನೇ ಪ್ರಯೋಗದ ಜೋಡಿ ಔಷಧಿಯ ಭಾಗ 2002ರಲ್ಲಿ ಸ್ತನ ಕ್ಯಾನ್ಸರ್ ಮತ್ತಿತರ ಕಾರಣಕ್ಕೆ ಅರ್ಧಕ್ಕೆ ನಿಂತು ಜಗತ್ತಿನ ಹೆಂಗಸರನ್ನೆಲ್ಲ ಹೆದರಿಸಿತು. ಆ ಗದ್ದಲದಲ್ಲಿ ಒಂದು ಸಂಗತಿ ಮುಳುಗಿಹೋಯಿತು. ಎರಡೂ ಔಷಧಿ ದಿನಾ ತಗೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಲಿಲ್ಲ. ಹದಿಮೂರು ವರ್ಷ ಹಿಂಬಾಲಿಸಿ ನೋಡಿದಾಗ ಔಷಧಿ ತಗೊಂಡ ಗುಂಪಿನಲ್ಲಿ 66, ತಗೊಳ್ಳದ ಗುಂಪಿನಲ್ಲಿ 95. ಕಮ್ಮಿಯೇ ಆಗಿತ್ತು.

ಅಂಡಾಶಯದ ಕಥೆ ಇಷ್ಟು ನೇರವಾಗಿಲ್ಲ. ಅಲ್ಲಿ ಪ್ರೊಜೆಸ್ಟರಾನ್ ಕಾವಲು ಕಾಯುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. 2015ರಲ್ಲಿ 52 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಐವತ್ತರ ಸುಮಾರಿಗೆ ಶುರುಮಾಡಿ ಐದು ವರ್ಷ ಹಾರ್ಮೋನ್ ತಗೊಂಡ ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ ಅಂತ ಲೆಕ್ಕ ಬಂತು. ಒಂಟಿ ಎಸ್ಟ್ರೋಜನ್ ಆದರೂ ಅಷ್ಟೇ, ಜೋಡಿ ಆದರೂ ಅಷ್ಟೇ. 2024ರಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನವರು ಇಪ್ಪತ್ತು ವರ್ಷದ ಲೆಕ್ಕ ಕೊಟ್ಟಾಗ ಚಿತ್ರ ಸ್ವಲ್ಪ ಬೇರೆ ಇತ್ತು: ಗರ್ಭಕೋಶ ತೆಗೆಸಿ ಬರೀ ಎಸ್ಟ್ರೋಜನ್ ತಗೊಂಡವರಲ್ಲಿ 35, ತಗೊಳ್ಳದವರಲ್ಲಿ 17. ಜೋಡಿ ಔಷಧಿಯಲ್ಲಿ ಅಂಥ ಏರಿಕೆ ಕಾಣಲಿಲ್ಲ. ಎರಡು ಪಟ್ಟು ಅಂದರೆ ಭಯವಾಗುತ್ತೆ, ಆದರೆ ಇದು ಹತ್ತು ಸಾವಿರಕ್ಕೂ ಜಾಸ್ತಿ ಹೆಂಗಸರಲ್ಲಿ ಎರಡು ದಶಕದಲ್ಲಿ ಕಂಡದ್ದು. ಸಣ್ಣ ಅಪಾಯ, ಸುಳ್ಳು ಅಪಾಯ ಅಲ್ಲ.

ನಮ್ಮ ಕಡೆ ಈ ಭಾಗ ಬಹಳ ಹೆಂಗಸರಿಗೆ ತಟ್ಟುತ್ತದೆ. ಮೂವತ್ತೈದು, ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರಿಗೆ ಹಾರ್ಮೋನ್ ಬೇಕಾದರೆ ಸಾಮಾನ್ಯವಾಗಿ ಎರಡನೇ ಮಾತ್ರೆ ಬೇಕಿಲ್ಲ, ಕಾಯಬೇಕಾದ ಪದರವೇ ಇಲ್ಲ. ಆದರೆ “ಅಂಡಾಶಯ ಇದೆಯಾ, ಅದನ್ನೂ ತೆಗೆದ್ರಾ?” ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಡಿಸ್ಚಾರ್ಜ್ ಕಾಗದ ಎಲ್ಲೋ ಟ್ರಂಕಿನ ತಳದಲ್ಲಿರುತ್ತದೆ, ಇಲ್ಲವೇ ಕಳೆದಿರುತ್ತದೆ. ಹಾರ್ಮೋನ್ ಚಿಕಿತ್ಸೆ ಶುರುಮಾಡುವ ಮುಂಚೆ ಆ ಕಾಗದ ಹುಡುಕಿ.

2025ರ ನವೆಂಬರ್‌ನಲ್ಲಿ ಎಫ್‌ಡಿಎ ಮೆನೋಪಾಸ್ ಹಾರ್ಮೋನ್‌ಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯಿಂದ ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಮಾತುಗಳನ್ನು ತೆಗೆಯುವುದಾಗಿ ಹೇಳಿತು. ಅದು ಸರಿಯೇ ಅಂತ ಇನ್ನೂ ಜಗಳ ನಡೆದಿದೆ. ಆದರೆ ಒಂದನ್ನು ಅವರೂ ಮುಟ್ಟಲಿಲ್ಲ. ಇಡೀ ಮೈಗೆ ಹೋಗುವ ಒಂಟಿ ಎಸ್ಟ್ರೋಜನ್, ಗರ್ಭಕೋಶದ ಒಳಪದರದ ಕ್ಯಾನ್ಸರ್: ಆ ಎಚ್ಚರಿಕೆ ಹಾಗೇ ಉಳಿಯಿತು.

ಅತ್ತಿಗೆಯ ಸ್ಕ್ಯಾನ್

“ನಡುವೆ ಏನಾದ್ರೂ ರಕ್ತ ಕಾಣಿಸ್ತಾ?” ಅಂತ ಕೇಳಿದೆ. ಅತ್ತಿಗೆ ನಕ್ಕರು. “ಎರಡು ಸಲ ಚೂರು ಚೂರು ಆಯ್ತು. ಜೆಲ್ ಹಚ್ಚಿ ಮತ್ತೆ ಹುಡುಗಿ ಆದೆ ಅಂದ್ಕೊಂಡೆ.”

ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ಬಿದ್ದರೂ ತೋರಿಸಬೇಕು. ಮಾರನೇ ವಾರ ಸ್ಕ್ಯಾನ್ ಆಯಿತು. ಹೀಗೆ ರಕ್ತ ಕಂಡವರಲ್ಲಿ ಒಳಪದರ 4 ಮಿಲಿಮೀಟರ್ ಒಳಗಿದ್ದರೆ ವೈದ್ಯರು ನಿರಾಳವಾಗುತ್ತಾರೆ. ಅತ್ತಿಗೆಯದು 11. ಬಯಾಪ್ಸಿ ವರದಿ ಬರುವ ತನಕ ಅಣ್ಣ ಮೂರು ಸಲ ಫೋನ್ ಮಾಡಿದ. ಬಂತು: ಪದರ ಅತಿಯಾಗಿ ಬೆಳೆದಿದೆ, ಆದರೆ ಕೋಶಗಳು ಕೆಟ್ಟಿಲ್ಲ. ಈ ಹಂತದಲ್ಲಿ ಹಿಡಿದರೆ ಮುಂದೆ ಕ್ಯಾನ್ಸರ್ ಆಗುವ ಸಂಭವ 20 ವರ್ಷದಲ್ಲಿ ನೂರಕ್ಕೆ ಐದಕ್ಕಿಂತಲೂ ಕಮ್ಮಿ. ಜೆಲ್ ನಿಲ್ಲಿಸಿ, ಆರು ತಿಂಗಳು ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೊಟ್ಟು, ಮತ್ತೆ ಬಯಾಪ್ಸಿ ಮಾಡೋಣ ಅಂದರು.

ನಾನು ಹಳೇ ಚೀಟಿ ತರಿಸಿಕೊಂಡು ನೋಡಿದೆ. ಕ್ಯಾಪ್ಸೂಲಿನ ಹೆಸರಿನ ಮುಂದೆ ಎರಡು ಅಕ್ಷರ ಇತ್ತು: ಎಚ್, ಎಸ್. ಲ್ಯಾಟಿನ್ ಗುರುತು, ಮಲಗುವ ಹೊತ್ತಿಗೆ ಅಂತ ಅರ್ಥ. ಈ ಕ್ಯಾಪ್ಸೂಲು ತೂಕಡಿಕೆ ತರುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೇ ರಾತ್ರಿ ಕೊಡುವುದು. ಅಂಗಡಿಯ ಹುಡುಗ ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ‘1’ ಅಂತಷ್ಟೇ ಗೀಚಿದ್ದ. ಯಾವ ಹೊತ್ತಿಗೆ ಅಂತ ಬರೆದಿರಲಿಲ್ಲ. ಅತ್ತಿಗೆ ಇಡ್ಲಿ ತಿಂದು ನುಂಗಿದ್ದರು. ಡಬ್ಬಿಯೊಳಗೆ ಮಾಹಿತಿಯ ಹಾಳೆಯೂ ಇತ್ತು. ಕಾರ್ಖಾನೆಯಲ್ಲಿ ಮಡಚಿದ ಮಡಿಕೆ ಬಿಚ್ಚಿರಲಿಲ್ಲ. ಬಿಚ್ಚಿದ್ದರೂ ಎಳ್ಳಿನ ಕಾಳಿನಷ್ಟು ಇಂಗ್ಲಿಷ್ ಅಕ್ಷರ.

ಆರು ತಿಂಗಳ ಮೇಲಿನ ಬಯಾಪ್ಸಿ ಸರಿಯಾಗಿ ಬಂತು. ಧಗೆ ಮಾತ್ರ ವಾಪಸ್ ಬಂದಿತ್ತು. ವೈದ್ಯರ ಜೊತೆ ಕೂತು ಮಾತಾಡಿ ಜೆಲ್ ಮತ್ತೆ ಶುರುಮಾಡಿದರು, ಈ ಸಲ ರಾತ್ರಿಯ ಕ್ಯಾಪ್ಸೂಲಿನ ಜೊತೆ. ದೀಪಾವಳಿಗೆ ಹೋದಾಗ ಇಡೀ ಕಥೆ ಹೇಳಿದೆ. ಕುದುರೆ, ಬಸ್ ಡ್ರೈವರ್, ಕೋರ್ಟು, ಎಲ್ಲ.

“ಅಲ್ವೇ, ಅಷ್ಟು ಜನಕ್ಕೆ ಆಗೋ ತನಕ ಯಾರೂ ಹೇಳಲಿಲ್ವಾ?”

“1947ರಲ್ಲೇ ಒಬ್ಬರು ಬರೆದಿದ್ರು ಅತ್ತಿಗೆ.”

“ನನ್ನ ಚೀಟೀಲೂ ಬರೆದಿದ್ರಲ್ಲ” ಅಂದು, ಸ್ಟ್ರಿಪ್ಪಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ರಾತ್ರಿ’ ಅಂತ ಬರೆದು ದಿಂಬಿನ ಪಕ್ಕ ಇಟ್ಟುಕೊಂಡರು.